ಮೌಸ್ ಪಕ್ಕಕ್ಕಿಡಿ: ಕಂಪನಿ ವೆಬ್‌ಸೈಟನ್ನು ಎಲ್ಲರೂ ಬಳಸುವಂತೆ ಮಾಡುವ ಬಗೆ

ಗಾಣದ ಎಣ್ಣೆ ಮಾರುವ ಒಂದು ಸಣ್ಣ ಕಂಪನಿಗೆ ಕೆಲವು ವರ್ಷಗಳ ಹಿಂದೆ ನಾನೊಂದು ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ನೋಡಲು ಚೆಂದವಾಗಿತ್ತು. ಮಾಲೀಕರು ಖುಷಿಯಾಗಿದ್ದರು, ನಾನೂ ಸ್ವಲ್ಪ ಬೀಗಿದ್ದೆ. ಒಂದು ದಿನ ಅವರಿಗೆ ಗ್ರಾಹಕರೊಬ್ಬರ ಫೋನ್ ಬಂತು. ಆ ಗ್ರಾಹಕರಿಗೆ ಕಣ್ಣು ಕಾಣುವುದಿಲ್ಲ. ಮೊಬೈಲು ಓದಿ ಹೇಳುವುದನ್ನು ಕೇಳಿಕೊಂಡೇ ಬ್ಯಾಂಕು, ರೈಲು ಟಿಕೆಟ್ಟು, ದಿನಸಿ ಎಲ್ಲ ಮುಗಿಸುವವರು. ಅವರು ಕೇಳಿದ್ದು ಇಷ್ಟೇ: "ನಿಮ್ಮ ಸೈಟ್ ತೆಗೆದರೆ ಬಟನ್, ಬಟನ್, ಬಟನ್ ಅಂತ ಮಾತ್ರ ಕೇಳಿಸುತ್ತೆ. ಇದರಲ್ಲಿ ಕಡಲೆಕಾಯಿ ಎಣ್ಣೆ ಯಾವುದು, ಕೊಬ್ಬರಿ ಎಣ್ಣೆ ಯಾವುದು?"

ಆ ಬಟನ್‌ಗಳೆಲ್ಲ ನಾನೇ ಇಟ್ಟ ಪುಟ್ಟ ಪುಟ್ಟ ಚಿತ್ರಗಳು. ಕೈಗಾಡಿಯ ಚಿತ್ರ, ಹೃದಯದ ಚಿತ್ರ, ಭೂತಗನ್ನಡಿಯ ಚಿತ್ರ. ಒಂದಕ್ಕೂ ಹೆಸರು ಕೊಟ್ಟಿರಲಿಲ್ಲ. ಸರಿಮಾಡಲು ಹಿಡಿದದ್ದು ಒಂದು ಮಧ್ಯಾಹ್ನ. ಅಷ್ಟು ಚಿಕ್ಕ ಕೆಲಸಕ್ಕೆ ಎಷ್ಟು ಜನ ಸುಮ್ನೆ ವಾಪಸ್ ಹೋಗಿದ್ದರೋ! ಫೋನ್ ಮಾಡಿ ಹೇಳಿದವರು ಅವರೊಬ್ಬರೇ.

ಅಂದಿನಿಂದ ಈ ಕೆಲಸ ಮಾಡುತ್ತ ಬಂದಿದ್ದೇನೆ. ಕಂಪನಿ ನಡೆಸುವವರು, ಅವರಿಗೆ ಸೈಟ್ ಮಾಡಿಕೊಡುವವರು, ಇಬ್ಬರಿಗೂ ಆಗಲಿ ಅಂತ ನಾನು ಹಿಡಿಯುವ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಕೋಡ್ ಗೊತ್ತಿಲ್ಲದಿದ್ದರೂ ಮೊದಲ ಮೂರು ಹೆಜ್ಜೆಗಳನ್ನು ನೀವೇ ಮಾಡಬಹುದು.

ಕಾನೂನು ಏನು ಹೇಳುತ್ತೆ, ಚುಟುಕಾಗಿ

ಮಾಲೀಕರ ಮೊದಲ ಪ್ರಶ್ನೆ ಯಾವಾಗಲೂ ಇದೇ: "ಇದು ಕಡ್ಡಾಯವಾ?" ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಸೇವೆ ಕೊಡುವವರು ಸರ್ಕಾರಿ ಆಗಲಿ ಖಾಸಗಿ ಆಗಲಿ, ಆ ಸೇವೆ ಅಂಗವಿಕಲರಿಗೂ ದಕ್ಕಬೇಕು ಅನ್ನುತ್ತದೆ ಅದು. ವೆಬ್‌ಸೈಟು, ಆ್ಯಪ್‌ಗಳು ಹೇಗಿರಬೇಕು ಅನ್ನಲು ಐಎಸ್ 17802 ಅನ್ನುವ ಭಾರತೀಯ ಮಾನದಂಡ ಇದೆ. 2023ರಲ್ಲಿ ಅದನ್ನು ಕಾಯ್ದೆಯ ನಿಯಮಗಳೊಳಗೆ ಸೇರಿಸಿದರು. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಇನ್ನೂ ಗಟ್ಟಿಯಾಗಿ ಹೇಳಿತು. ಕೆವೈಸಿ ಮಾಡಿಸಲು ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಅಂದರೆ ಆ್ಯಸಿಡ್ ದಾಳಿಗೆ ಸಿಕ್ಕಿ ಕಣ್ಣು ಕಳೆದುಕೊಂಡವರು ಏನು ಮಾಡಬೇಕು? ಆ ಪ್ರಶ್ನೆ ಹೊತ್ತು ಬಂದ ಕೇಸಿನಲ್ಲಿ, ಡಿಜಿಟಲ್ ಸೇವೆಗಳು ಕೈಗೆ ಸಿಗುವುದು ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನ ಭಾಗವೇ ಅಂತ ನ್ಯಾಯಾಲಯ ತೀರ್ಪು ಕೊಟ್ಟಿತು.

ಯುರೋಪಿನ ಗ್ರಾಹಕರಿಗೆ ಮಾರುವ ಬೆಂಗಳೂರಿನ ಕಂಪನಿಗಳಿಗೆ ಇನ್ನೊಂದು ತಾರೀಖು ನೆನಪಿರಲಿ. ಅಲ್ಲಿನ ಆಕ್ಸೆಸಿಬಿಲಿಟಿ (ಅಂಗವಿಕಲರಿಗೂ ದಕ್ಕುವಂತಿರಬೇಕು ಅನ್ನುವ) ಕಾಯ್ದೆ 2025ರ ಜೂನ್ 28ರಿಂದ ಜಾರಿಯಲ್ಲಿದೆ. ಆನ್‌ಲೈನ್ ಮಾರಾಟವೂ ಅದರೊಳಗೆ ಬರುತ್ತದೆ.

ಈ ಎಲ್ಲದರ ಬೇರು ಡಬ್ಲ್ಯುಸಿಎಜಿ ಅನ್ನುವ ನಿಯಮಗಳ ಪಟ್ಟಿ. ಅದರ 2.2 ಆವೃತ್ತಿ 2023ರ ಅಕ್ಟೋಬರ್‌ನಲ್ಲಿ ಬಂತು. ಎ, ಎಎ, ಎಎಎ ಅಂತ ಮೂರು ಮಟ್ಟ. ಕಂಪನಿಗಳು ಸಾಮಾನ್ಯವಾಗಿ ಹಿಡಿಯಬೇಕಾದದ್ದು ಎಎ. ಅಷ್ಟಕ್ಕೆ 55 ನಿಯಮಗಳು. ಆ ಪಟ್ಟಿಯನ್ನು ಮೊದಲ ದಿನವೇ ಬಿಚ್ಚಿ ಕೂತರೆ ಮೂರನೇ ದಿನ ಕೈಬಿಡುತ್ತೀರಿ. ನಾನು ಹಾಗೆ ಕೈಬಿಟ್ಟವನೇ. ಅದಕ್ಕೇ ಬೇರೆ ಕಡೆಯಿಂದ ಶುರುಮಾಡಿ ಅನ್ನುತ್ತೇನೆ.

ಹೆಜ್ಜೆ 1: ಒಂದೇ ಒಂದು ಕೆಲಸ ಆರಿಸಿಕೊಳ್ಳಿ

ನಿಮ್ಮ ಸೈಟಿಗೆ ಜನ ಯಾಕೆ ಬರುತ್ತಾರೆ? ಎಣ್ಣೆ ಕಂಪನಿಗೆ ಉತ್ತರ ಸುಲಭ: ಒಂದು ಲೀಟರ್ ಎಣ್ಣೆ ಆರ್ಡರ್ ಮಾಡಲು. ಆಸ್ಪತ್ರೆಗೆ: ಡಾಕ್ಟರ ಸಮಯ ಪಡೆಯಲು. ಪಂಪ್‌ಸೆಟ್ ಕಂಪನಿಗೆ: ಹತ್ತಿರದ ಡೀಲರ್ ಎಲ್ಲಿ ಅಂತ ನೋಡಲು. ಆ ಕೆಲಸವನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಮೊದಲ ಪುಟದಿಂದ "ಧನ್ಯವಾದಗಳು, ನಿಮ್ಮ ಆರ್ಡರ್ ಬಂದಿದೆ" ಅನ್ನುವವರೆಗೆ ಎಷ್ಟು ಪುಟ ದಾಟಬೇಕು, ಒಂದೊಂದರ ಹೆಸರು ಬರೆಯಿರಿ.

ಇನ್ನು ಮುಂದಿನ ಎಲ್ಲ ಪರೀಕ್ಷೆ ಈ ಹಾದಿಯ ಮೇಲೆ ಮಾತ್ರ. ನೂರು ಪುಟ ಅರ್ಧಂಬರ್ಧ ಸರಿ ಇದ್ದು ಹಣ ಕಟ್ಟುವ ಪುಟ ಕೆಟ್ಟಿದ್ದರೆ ಯಾರಿಗೂ ಉಪಯೋಗವಿಲ್ಲ. "ನಮ್ಮ ಕಥೆ" ಪುಟ ಆಮೇಲೆ ನೋಡಿದರಾಯಿತು. ಎಣ್ಣೆ ಬೇಕಾದವರು ಅದನ್ನು ಓದುವುದೂ ಕಡಿಮೆ, ಅಲ್ವಾ?

ಹೆಜ್ಜೆ 2: ಮೌಸ್ ತೆಗೆದು ಪಕ್ಕಕ್ಕಿಡಿ

ನಿಜವಾಗಿಯೂ ತೆಗೆಯಿರಿ. ಲ್ಯಾಪ್‌ಟಾಪ್ ಆದರೆ ಟಚ್‌ಪ್ಯಾಡ್ ಮೇಲೆ ಒಂದು ಪುಸ್ತಕ ಇಡಿ. ಈಗ ಟ್ಯಾಬ್ ಕೀ ಒತ್ತುತ್ತ ಹೋಗಿ. ಹಿಂದಕ್ಕೆ ಬರಲು ಶಿಫ್ಟ್ ಮತ್ತು ಟ್ಯಾಬ್. ಲಿಂಕ್ ತೆರೆಯಲು ಎಂಟರ್, ಬಟನ್ ಒತ್ತಲು ಎಂಟರ್ ಇಲ್ಲವೇ ಸ್ಪೇಸ್, ಪಾಪ್-ಅಪ್ ಮುಚ್ಚಲು ಎಸ್ಕೇಪ್. ಕೈ ನಡುಗುವವರು, ಒಂದೇ ಕೈ ಬಳಸುವವರು, ಕಣ್ಣು ಕಾಣದವರು ಎಲ್ಲರೂ ನಡೆಯುವ ದಾರಿ ಇದು. ಮೌಸ್ ಕೆಟ್ಟ ದಿನ ನೀವೂ.

ಮೊದಲು ಕಾಣುವ ತೊಂದರೆ: ಎಲ್ಲಿದ್ದೇವೆ ಅಂತಲೇ ಗೊತ್ತಾಗುವುದಿಲ್ಲ. ಟ್ಯಾಬ್ ಒತ್ತಿದಾಗ ಆ ಬಟನ್ ಸುತ್ತ ಒಂದು ಗೆರೆ ಬರಬೇಕು. ಅದಕ್ಕೆ ಫೋಕಸ್ ಅನ್ನುತ್ತಾರೆ. ಬ್ರೌಸರ್ ತಾನಾಗಿ ಈ ಗೆರೆ ಕೊಡುತ್ತದೆ. ಡಿಸೈನರುಗಳು "ಅಸಹ್ಯ ಕಾಣುತ್ತೆ" ಅಂತ ಪುಟದ ಅಂದಚೆಂದ ನೋಡಿಕೊಳ್ಳುವ ಸಿಎಸ್‌ಎಸ್ ಕೋಡ್‌ನಲ್ಲಿ ಔಟ್‌ಲೈನ್ ನನ್ ಅಂತ ಬರೆದು ಅಳಿಸಿಬಿಡುತ್ತಾರೆ. ಆ ಒಂದು ಸಾಲು ಹುಡುಕಿ ತೆಗೆಯಿರಿ. ಗೆರೆ ಚೆಂದ ಬೇಕಿದ್ದರೆ ನಿಮ್ಮ ಬ್ರ್ಯಾಂಡ್ ಬಣ್ಣದಲ್ಲೇ 3 ಪಿಕ್ಸೆಲ್ ದಪ್ಪ ಇಟ್ಟುಕೊಳ್ಳಿ. ಅಳಿಸುವುದು ಮಾತ್ರ ಬೇಡ.

ಎರಡನೆಯದು, ಟ್ಯಾಬ್ ಕೆಲವು ಬಟನ್‌ಗಳನ್ನು ಮುಟ್ಟದೇ ಹಾರಿಹೋಗುತ್ತದೆ. ಕಾರಣ ಬಹುಪಾಲು ಒಂದೇ. ಅದು ನಿಜವಾದ ಬಟನ್ ಅಲ್ಲ, ಡಿವ್ ಅನ್ನುವ ಖಾಲಿ ಡಬ್ಬಿಗೆ ಬಣ್ಣ ಬಳಿದು ಬಟನ್ ವೇಷ ಹಾಕಿರುತ್ತಾರೆ. ಮೌಸಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಕೀಬೋರ್ಡಿಗೆ ತಿಳಿಯುತ್ತದೆ. ಪುಟ ಕಟ್ಟುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಬಟನ್ ಅನ್ನುವ ಟ್ಯಾಗೇ ಇದೆ. ಅದನ್ನು ಹಾಕಿದರೆ ಟ್ಯಾಬ್, ಎಂಟರ್, ಸ್ಪೇಸ್ ಎಲ್ಲ ಪುಕ್ಕಟೆ ಬರುತ್ತದೆ. ಓದಿ ಹೇಳುವ ತಂತ್ರಾಂಶಗಳಿಗೆಂದು ಕೋಡ್‌ನಲ್ಲಿ ಹಾಕುವ ಏರಿಯಾ (ARIA) ಅನ್ನುವ ಹೆಚ್ಚುವರಿ ಗುರುತುಗಳ ಬಗ್ಗೆ ಕೇಳಿರಬಹುದು. ಅದರ ಮೊದಲ ನಿಯಮವೇ, ಎಚ್‌ಟಿಎಂಎಲ್‌ನಲ್ಲಿ ಸಾಮಾನು ಇದ್ದರೆ ಏರಿಯಾ ಬಳಸಬೇಡಿ ಅನ್ನುವುದು.

ಮೂರನೆಯದು, ಪಾಪ್-ಅಪ್. "ಮೊದಲ ಆರ್ಡರ್‌ಗೆ ರಿಯಾಯಿತಿ!" ಅಂತ ಮುಖಕ್ಕೆ ಬಂದು ನಿಲ್ಲುತ್ತದಲ್ಲ, ಅದು. ಅದು ತೆರೆದಾಗ ಫೋಕಸ್ ಅದರೊಳಗೆ ಹೋಗಬೇಕು, ಎಸ್ಕೇಪ್ ಒತ್ತಿದರೆ ಮುಚ್ಚಬೇಕು, ಮುಚ್ಚಿದ ಮೇಲೆ ಮೊದಲಿದ್ದ ಜಾಗಕ್ಕೇ ವಾಪಸ್ ಬರಬೇಕು. ಎಷ್ಟೋ ಸೈಟುಗಳಲ್ಲಿ ಪಾಪ್-ಅಪ್ ಮೇಲೆ ಇರುತ್ತದೆ, ಟ್ಯಾಬ್ ಅದರ ಹಿಂದಿನ ಪುಟದಲ್ಲಿ ಕಾಣದ ಹಾಗೆ ಓಡಾಡುತ್ತಿರುತ್ತದೆ. ನನ್ನ ಸಲಹೆ ಕೇಳಿದರೆ ಆ ಪಾಪ್-ಅಪ್ಪನ್ನೇ ಕಿತ್ತುಹಾಕಿ.

ಹಾಗೇ ಪುಟದ ಮೇಲ್ತುದಿಯಲ್ಲಿ "ಮುಖ್ಯ ವಿಷಯಕ್ಕೆ ಹೋಗಿ" ಅನ್ನುವ ಲಿಂಕ್ ಇಡಿ. ಟ್ಯಾಬ್ ಒತ್ತಿದಾಗ ಮಾತ್ರ ಕಾಣಿಸಿದರೆ ಸಾಕು. ಇಲ್ಲದಿದ್ದರೆ ಪ್ರತಿ ಪುಟದಲ್ಲೂ ಮೆನುವಿನ ಇಪ್ಪತ್ತು ಲಿಂಕ್ ದಾಟಿಯೇ ಎಣ್ಣೆಯವರೆಗೆ ಬರಬೇಕು.

ಹೆಜ್ಜೆ 3: ನಿಮ್ಮ ಸೈಟನ್ನು ಕಿವಿಯಿಂದ ಕೇಳಿ

ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಅನ್ನುತ್ತಾರೆ. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಈಗಾಗಲೇ ಇರುತ್ತದೆ, ಐಫೋನಿನಲ್ಲಿ ವಾಯ್ಸ್‌ಓವರ್. ವಿಂಡೋಸ್ ಕಂಪ್ಯೂಟರಿಗೆ ಎನ್‌ವಿಡಿಎ ಉಚಿತ. ಆಸ್ಟ್ರೇಲಿಯಾದಲ್ಲಿ ಇದನ್ನು 2006ರಲ್ಲಿ ಶುರುಮಾಡಿದವರು ಮೈಕೆಲ್ ಕರನ್. ಅವರಿಗೂ ಕಣ್ಣು ಕಾಣುವುದಿಲ್ಲ. ಅದರ ಜೊತೆಗೇ ಬರುವ ಇಸ್ಪೀಕ್ ಎನ್‌ಜಿ ದನಿಗೆ ಕನ್ನಡವೂ ಬರುತ್ತದೆ. ದನಿ ಸ್ವಲ್ಪ ಯಂತ್ರದ್ದೇ, ಆದರೆ ಅರ್ಥವಾಗುತ್ತದೆ.

ಟಾಕ್‌ಬ್ಯಾಕ್ ಆನ್ ಮಾಡುವ ಮುಂಚೆ ಆಫ್ ಮಾಡುವುದು ಹೇಗೆ ಅಂತ ತಿಳಿದುಕೊಳ್ಳಿ! ಆನ್ ಆದ ಮೇಲೆ ಒಂದು ಸಲ ಮುಟ್ಟಿದರೆ ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಬಲಕ್ಕೆ ಸವರಿದರೆ ಮುಂದಿನದಕ್ಕೆ ಹೋಗುತ್ತದೆ. ಮೊದಲ ಸಲ ನಾನು ಗಾಬರಿಯಾಗಿ ಫೋನ್ ಆಫ್ ಮಾಡಿದ್ದೆ.

ಈಗ ಕಣ್ಣು ಮುಚ್ಚಿಕೊಂಡು ಒಂದು ಲೀಟರ್ ಎಣ್ಣೆ ಆರ್ಡರ್ ಮಾಡಲು ಹೋಗಿ. ಕನ್ನಡದ ಸೈಟ್ ಆದರೆ ಮೊದಲ ತಡೆ ಇಲ್ಲೇ ಎದುರಾಗುತ್ತದೆ. ಪುಟದ ಮೊದಲ ಸಾಲಿನಲ್ಲಿ ಲ್ಯಾಂಗ್ ಅಂತ ಒಂದು ಗುರುತು ಇರುತ್ತದೆ. ಇದು ಯಾವ ಭಾಷೆಯ ಪುಟ ಅಂತ ಅದು ಹೇಳುತ್ತದೆ. ಟೆಂಪ್ಲೇಟ್ ತಂದು ಮಾಡಿದ ಸೈಟುಗಳಲ್ಲಿ ಅದು ಇಂಗ್ಲಿಷ್ ಅಂತಲೇ ಉಳಿದಿರುತ್ತದೆ. ಆಗ ಸ್ಕ್ರೀನ್ ರೀಡರ್ ಇಂಗ್ಲಿಷ್ ದನಿಯಲ್ಲಿ ಕನ್ನಡ ಓದಲು ಹೋಗಿ ಒದ್ದಾಡುತ್ತದೆ. ಕೆಲವು ದನಿಗಳು ಸಾಲುಗಳನ್ನೇ ನುಂಗಿ ಸುಮ್ಮನಾಗುತ್ತವೆ. ಆ ಜಾಗದಲ್ಲಿ ಕನ್ನಡದ ಗುರುತಾದ ಎರಡಕ್ಷರ, ಅಂದರೆ ಕೆ ಮತ್ತು ಎನ್, ಹಾಕಬೇಕು. ಪುಟದ ನಡುವೆ ಇಂಗ್ಲಿಷ್ ಪ್ಯಾರಾ ಬಂದರೆ ಆ ಪ್ಯಾರಾಕ್ಕೆ ಮಾತ್ರ ಇಂಗ್ಲಿಷ್ ಗುರುತು. ಎರಡು ನಿಮಿಷದ ಕೆಲಸ. ಇಡೀ ಸೈಟಿಗೆ ಬಾಯಿ ಬರುತ್ತದೆ.

ಇನ್ನೊಂದು ಕಾಯಿಲೆ ನಮ್ಮದೇ. ಪಾಂಪ್ಲೆಟ್ ಮಾಡಿಕೊಟ್ಟ ಪ್ರೆಸ್‌ನವರು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಫೈಲು ಕೊಡುತ್ತಾರೆ. ಅದು ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಸೈಟಿಗೆ ಅಂಟಿಸಿದರೆ ಅಕ್ಷರ ಕೆಡುತ್ತದೆ. ಆಗ ಡಿಸೈನರ್ ಏನು ಮಾಡುತ್ತಾನೆ? ಇಡೀ ಪುಟವನ್ನು ಫೋಟೊ ತೆಗೆದ ಹಾಗೆ ಚಿತ್ರ ಮಾಡಿ ಹಾಕಿಬಿಡುತ್ತಾನೆ. ಈಗ ಅದನ್ನು ಸ್ಕ್ರೀನ್ ರೀಡರ್ ಓದುವುದಿಲ್ಲ, ಗೂಗಲ್ ಹುಡುಕುವುದಿಲ್ಲ, ಮೊಬೈಲಿನಲ್ಲಿ ಅಕ್ಷರ ದೊಡ್ಡದಾಗುವುದಿಲ್ಲ. ಇದಕ್ಕೆ ಮದ್ದು ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ. ಸೂರ್ಯ, ಕಾರ್ಯ, ವರ್ಷ ಇಂಥವು ಎಡವುವುದು ಜಾಸ್ತಿ.

ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಚಾಳಿಯೂ ಬೇಡ. "ನಮ್ಮ ಬಗ್ಗೆ" ಅನ್ನುವುದನ್ನು ಇಂಗ್ಲಿಷ್ ದನಿ ಉಚ್ಚರಿಸುವುದನ್ನು ಒಮ್ಮೆ ಕೇಳಿ. ನಗು ಬರುತ್ತದೆ, ಆಮೇಲೆ ಬೇಜಾರಾಗುತ್ತದೆ.

ಮುಂದೆ ಶೀರ್ಷಿಕೆಗಳು. ಕಣ್ಣಿನಿಂದ ಓದುವವರು ಪುಟದ ಮೇಲೆ ಕಣ್ಣಾಡಿಸುತ್ತಾರೆ. ಕಿವಿಯಿಂದ ಓದುವವರು ಶೀರ್ಷಿಕೆಯಿಂದ ಶೀರ್ಷಿಕೆಗೆ ಜಿಗಿಯುತ್ತಾರೆ. ಎನ್‌ವಿಡಿಎಯಲ್ಲಿ ಎಚ್ ಕೀ ಒತ್ತಿದರೆ ಮುಂದಿನ ಶೀರ್ಷಿಕೆ. ಬರೀ ದಪ್ಪ ಅಕ್ಷರ ಮಾಡಿದರೆ ಅದು ಶೀರ್ಷಿಕೆ ಅಂತ ಸ್ಕ್ರೀನ್ ರೀಡರಿಗೆ ಗೊತ್ತಾಗುವುದಿಲ್ಲ. ಎಚ್1, ಎಚ್2, ಎಚ್3 ಟ್ಯಾಗ್ ಬೇಕು. ಪುಟಕ್ಕೆ ಒಂದು ಎಚ್1, ಒಂದೊಂದು ಎಣ್ಣೆಗೆ ಒಂದೊಂದು ಎಚ್2, ಹೀಗೆ.

ಚಿತ್ರಗಳಿಗೆ ಆಲ್ಟ್ ಬರಹ, ಅಂದರೆ ಚಿತ್ರದ ಬದಲು ಓದಿ ಹೇಳುವ ಮಾತು, ಬೇಕು ಅಂತ ಎಲ್ಲರಿಗೂ ಗೊತ್ತು. ಏನು ಬರೆಯಬೇಕು ಅನ್ನುವಲ್ಲಿ ಮುಗ್ಗರಿಸುತ್ತಾರೆ. ಫೋನಿನಲ್ಲಿ ಯಾರಿಗೋ ಈ ಪುಟ ಓದಿ ಹೇಳುತ್ತಿದ್ದೀರಿ ಅಂದುಕೊಳ್ಳಿ. ಆ ಚಿತ್ರ ಬಂದಾಗ ಏನು ಹೇಳುತ್ತಿದ್ದಿರಿ? ಅದನ್ನೇ ಬರೆಯಿರಿ. "ಎಣ್ಣೆ ಚಿತ್ರ" ಅಂದರೆ ಏನೂ ಹೇಳಿದ ಹಾಗಲ್ಲ. "ಮರದ ಗಾಣದ ಕಡಲೆಕಾಯಿ ಎಣ್ಣೆ, 1 ಲೀಟರ್ ಗಾಜಿನ ಬಾಟಲಿ" ಅಂದರೆ ಸಾಕು. ಸುಮ್ನೆ ಅಂದಕ್ಕೆ ಇಟ್ಟ ಬಳ್ಳಿ, ಹೂವಿನ ಚಿತ್ರ ಆದರೆ ಆಲ್ಟನ್ನು ಖಾಲಿ ಬಿಡಿ. ಖಾಲಿ ಬಿಡುವುದು ಬೇರೆ, ಹಾಕದೇ ಇರುವುದು ಬೇರೆ. ಹಾಕದೇ ಇದ್ದರೆ ಕೆಲವು ಸಲ ಚಿತ್ರದ ಫೈಲಿನ ಹೆಸರನ್ನೇ ಅಂಕಿಗಳ ಸಮೇತ ಓದಿಬಿಡುತ್ತದೆ. ಚಿತ್ರವೇ ಬಟನ್ ಆಗಿದ್ದರೆ ಚಿತ್ರ ಹೇಗಿದೆ ಅಂತ ಹೇಳಬೇಡಿ, ಒತ್ತಿದರೆ ಏನಾಗುತ್ತೆ ಅಂತ ಹೇಳಿ. ಭೂತಗನ್ನಡಿಗೆ "ಹುಡುಕಿ".

ಬೆಲೆಯಲ್ಲೂ ಒಂದು ಗುಂಡಿ ಇದೆ. 450 ಅಂತ ಬರೆದು ಗೆರೆ ಹೊಡೆದು, ಪಕ್ಕದಲ್ಲಿ 399 ಅಂತ ಬರೆಯುತ್ತೀರಿ. ಆ ಗೆರೆ ಕಿವಿಗೆ ಬಹುಮಟ್ಟಿಗೆ ಕೇಳಿಸುವುದಿಲ್ಲ. "ನಾನೂರ ಐವತ್ತು, ಮುನ್ನೂರ ತೊಂಬತ್ತೊಂಬತ್ತು" ಅಂತಷ್ಟೇ ಬರುತ್ತದೆ. ಯಾವುದು ಕೊಡಬೇಕಾದ ಬೆಲೆ? "ಮೊದಲು 450, ಈಗ 399" ಅಂತ ಬರೆದುಬಿಡಿ. ನೋಡುವವರಿಗೂ ಸಲೀಸು.

ಹೆಜ್ಜೆ 4: ಫಾರಂ ಮತ್ತು ಹಣ

ಇಲ್ಲಿ ಸ್ವಲ್ಪ ನಿಲ್ಲೋಣ. ಜನ ಸೋತು ಎದ್ದು ಹೋಗುವುದು ಬಹಳ ಸಲ ಈ ಕೊನೆಯ ಗಜದಲ್ಲೇ.

ಹೆಸರು, ವಿಳಾಸ, ಪಿನ್‌ಕೋಡ್ ಪೆಟ್ಟಿಗೆಗಳ ಮೇಲೆ ಕಾಯಂ ಆಗಿ ಕಾಣುವ ಲೇಬಲ್ ಇರಬೇಕು. ಪೆಟ್ಟಿಗೆಯೊಳಗೆ ತೆಳು ಬೂದು ಅಕ್ಷರದಲ್ಲಿ "ನಿಮ್ಮ ಪಿನ್‌ಕೋಡ್" ಅಂತ ಬರೆದು ಬಿಡುವ ಫ್ಯಾಷನ್ ಇದೆ. ಟೈಪ್ ಮಾಡಲು ಶುರುಮಾಡಿದ ಕೂಡಲೇ ಅದು ಮಾಯ. ಮರೆವಿನವರು, ನಡುವೆ ಫೋನ್ ಬಂದು ಎದ್ದುಹೋದವರು ವಾಪಸ್ ಬಂದು ನೋಡಿದರೆ ಯಾವ ಪೆಟ್ಟಿಗೆ ಯಾವುದು ಅಂತ ಗೊತ್ತಾಗುವುದಿಲ್ಲ. ಲೇಬಲ್ಲನ್ನು ಕೋಡ್‌ನಲ್ಲೂ ಆ ಪೆಟ್ಟಿಗೆಗೆ ಕಟ್ಟಿರಬೇಕು. ಪರೀಕ್ಷೆ ಸುಲಭ: ಲೇಬಲ್ ಮೇಲೆ ಕ್ಲಿಕ್ ಮಾಡಿ. ಕರ್ಸರ್ ಪೆಟ್ಟಿಗೆಯೊಳಗೆ ಹೋದರೆ ಕಟ್ಟಿದೆ ಅಂತ ಅರ್ಥ.

ತಪ್ಪಾದಾಗ ಪೆಟ್ಟಿಗೆಗೆ ಕೆಂಪು ಅಂಚು ಬಂದರೆ ಸಾಲದು. ಮಾತಿನಲ್ಲಿ ಹೇಳಿ. "ತಪ್ಪು ಮಾಹಿತಿ" ಅನ್ನುವುದು ಬೈಗುಳ. "ಪಿನ್‌ಕೋಡ್‌ಗೆ 6 ಅಂಕಿ ಬೇಕು, 5 ಮಾತ್ರ ಇದೆ" ಅನ್ನುವುದು ಸಹಾಯ. ಆ ಮಾತು ಕಾಣಿಸಿಕೊಂಡಾಗ ಸ್ಕ್ರೀನ್ ರೀಡರ್ ಅದನ್ನು ತಾನಾಗಿ ಓದುವಂತೆ ಡೆವಲಪರಿಗೆ ಹೇಳಿ. ಏರಿಯಾ-ಲೈವ್ ಅಂದರೆ ಅವರಿಗೆ ಗೊತ್ತಾಗುತ್ತದೆ. ಇಲ್ಲಿ ಏರಿಯಾ ನಿಜವಾಗಿ ಬೇಕು.

ಕ್ಯಾಪ್ಚಾ ಬಗ್ಗೆ ನನ್ನ ಸಿಟ್ಟು ಇಳಿದಿಲ್ಲ. ಸೊಟ್ಟಪಟ್ಟ ಅಕ್ಷರ ಓದಿ ನೀವು ಮನುಷ್ಯ ಅಂತ ತೋರಿಸಿ ಅನ್ನುವುದು, ಕಣ್ಣು ಮಂದ ಇರುವವರಿಗೆ ನೀವು ಮನುಷ್ಯ ಅಲ್ಲ ಅಂದ ಹಾಗೆ. ಒಂದು ಎಣ್ಣೆ ಅಂಗಡಿಗೆ ಅಷ್ಟು ಕಾವಲು ಬೇಕಾ? ಸ್ಪ್ಯಾಮ್ ತಡೆಯಲು ಬಳಕೆದಾರರಿಗೆ ಕಾಣದಂತೆ ಕೆಲಸ ಮಾಡುವ ಉಪಾಯಗಳಿವೆ, ಅವನ್ನು ಮೊದಲು ನೋಡಿ.

ಓಟಿಪಿ ತಪ್ಪಿಸಲು ಆಗದು. ಆದರೆ 30 ಸೆಕೆಂಡಿಗೆ ಮುಗಿದುಹೋಗುವ ಓಟಿಪಿ ಬೇಡ. ಸ್ಕ್ರೀನ್ ರೀಡರ್ ಬಳಸುವವರು ಮೆಸೇಜ್ ತೆರೆದು, ಕೇಳಿ, ವಾಪಸ್ ಬರಲು ಹೊತ್ತು ಬೇಕು. ಅಂಟಿಸಲು ಬಿಡಿ, ಅಂದರೆ ಪೇಸ್ಟ್ ತಡೆಯಬೇಡಿ. ಆರು ಅಂಕಿಗೆ ಆರು ಬೇರೆ ಬೇರೆ ಪೆಟ್ಟಿಗೆ ಮಾಡುವುದು ನೋಡಲು ಚೆಂದ, ಬಳಸಲು ಕಷ್ಟ. ಒಂದೇ ಪೆಟ್ಟಿಗೆ ಸಾಕು. ಪುಟದ ಅವಧಿ ಮುಗಿಯುತ್ತಿದ್ದರೆ ಮುಂಚೆಯೇ ಎಚ್ಚರಿಸಿ, ಇನ್ನಷ್ಟು ಸಮಯ ಕೇಳಲು ಒಂದು ಬಟನ್ ಕೊಡಿ. ಒತ್ತಲು ಕನಿಷ್ಠ 20 ಸೆಕೆಂಡು ಇರಬೇಕು ಅನ್ನುತ್ತದೆ ನಿಯಮ.

ಹಣ ಕಟ್ಟುವ ಪುಟ ನಿಮ್ಮದಲ್ಲ, ಪೇಮೆಂಟ್ ಗೇಟ್‌ವೇ ಕಂಪನಿಯದು. "ಅದು ನಮ್ಮ ಕೈಲಿಲ್ಲ" ಅನ್ನುವುದು ಅರ್ಧ ನಿಜ. ಆರಿಸಿದ್ದು ನೀವೇ ಅಲ್ವಾ? ಒಪ್ಪಂದಕ್ಕೆ ಮುಂಚೆ ಅವರ ಪುಟವನ್ನೂ ಮೌಸ್ ಇಲ್ಲದೆ, ಟಾಕ್‌ಬ್ಯಾಕ್ ಹಾಕಿಕೊಂಡು ನಡೆಸಿ ನೋಡಿ. ಆಗದಿದ್ದರೆ ಬರೆದು ಕೇಳಿ.

ಹೆಜ್ಜೆ 5: ಬಣ್ಣ, ಅಕ್ಷರ, ಅಳತೆ

ಅಕ್ಷರದ ಬಣ್ಣಕ್ಕೂ ಹಿಂದಿನ ಬಣ್ಣಕ್ಕೂ ಇರುವ ಅಂತರಕ್ಕೆ ಕಾಂಟ್ರಾಸ್ಟ್ ಅನ್ನುತ್ತಾರೆ. ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಇರಬೇಕು. ಆನ್‌ಲೈನ್‌ನಲ್ಲಿ ಲೆಕ್ಕ ಹಾಕುವ ಉಚಿತ ಸಾಧನಗಳು ಬೇಕಾದಷ್ಟಿವೆ. ಬಿಳಿ ಮೇಲೆ ಬೂದು ಬರೆಯುವವರಿಗೆ ಒಂದು ಗಡಿ ಹೇಳುತ್ತೇನೆ: ಬಣ್ಣದ ಕೋಡ್‌ನಲ್ಲಿ 767676 ಅನ್ನುವ ಬೂದು ಅಂಚಿನಲ್ಲಿ ಪಾಸ್. 999999 ಅನ್ನುವುದು 2.8ರ ಹತ್ತಿರ, ಫೇಲ್.

ನವೆಂಬರ್ ಬಂತು ಅಂದರೆ ಎಲ್ಲ ಕಂಪನಿಗಳೂ ಹಳದಿ ಕೆಂಪು ಬ್ಯಾನರ್ ಹಾಕುತ್ತವೆ. ಅಪ್ಪಟ ಹಳದಿ ಮೇಲೆ ಅಪ್ಪಟ ಕೆಂಪು ಅಕ್ಷರ ಬರೆದರೆ ಸಿಗುವುದು 3.7 ಮಾತ್ರ. ದೊಡ್ಡ ಶೀರ್ಷಿಕೆಗೆ ನಡೆಯುತ್ತದೆ, ಕೆಳಗಿನ ಸಣ್ಣ ಶುಭಾಶಯಕ್ಕೆ ನಡೆಯುವುದಿಲ್ಲ. ಕೆಂಪನ್ನು ಕುಂಕುಮದಷ್ಟು ಕಡು ಮಾಡಿ. 8ಬಿ0000 ಅನ್ನುವ ಕಡುಗೆಂಪಿಗೆ 9ಕ್ಕಿಂತ ಜಾಸ್ತಿ ಸಿಗುತ್ತದೆ. ರಾಜ್ಯೋತ್ಸವದ ಕಳೆಯೂ ಉಳಿಯುತ್ತದೆ. ಹಳದಿ ಮೇಲೆ ಬಿಳಿ ಅಕ್ಷರವಂತೂ ದಯವಿಟ್ಟು ಬೇಡ.

ಬಣ್ಣವೊಂದರಿಂದಲೇ ಏನನ್ನೂ ಹೇಳಬೇಡಿ. ಆಹಾರದ ಪ್ಯಾಕೆಟ್ ಮೇಲಿನ ಗುರುತು ನೆನಪಿಸಿಕೊಳ್ಳಿ. ಮೊದಲು ಸಸ್ಯಾಹಾರಕ್ಕೆ ಹಸಿರು ಚುಕ್ಕಿ, ಮಾಂಸಾಹಾರಕ್ಕೆ ಕಂದು ಚುಕ್ಕಿ. ಬಣ್ಣ ಗುರುತು ಹಿಡಿಯಲಾಗದವರಿಗೆ ಎರಡೂ ಒಂದೇ. 2020ರ ಲೇಬಲ್ ನಿಯಮಗಳಲ್ಲಿ ಮಾಂಸಾಹಾರದ ಚುಕ್ಕಿಯನ್ನು ತ್ರಿಕೋನ ಮಾಡಿದರು. ನಿಮ್ಮ ಸೈಟಿನಲ್ಲೂ ಅಷ್ಟೇ. "ಸ್ಟಾಕ್ ಇದೆ" ಅನ್ನಲು ಬರೀ ಹಸಿರು ಚುಕ್ಕಿ ಸಾಲದು, ಪಕ್ಕದಲ್ಲಿ ಮಾತೂ ಇರಲಿ.

ಈಗ ಬ್ರೌಸರನ್ನು 400 ಶೇಕಡಾಕ್ಕೆ ಜೂಮ್ ಮಾಡಿ. ಪುಟ ಒಂದೇ ಕಂಬವಾಗಿ ಇಳಿಯಬೇಕು. ಓದಲು ಅಡ್ಡಡ್ಡ ಎಳೆಯುವ ಹಾಗಿರಬಾರದು. ಮೇಲೆ ಅಂಟಿಕೊಂಡ ಮೆನು ಅರ್ಧ ಪರದೆ ನುಂಗಿದರೆ ಅದನ್ನು ಸಡಿಲ ಬಿಡಿ. ಒತ್ತುವ ಜಾಗಗಳು ಕನಿಷ್ಠ 24 ಪಿಕ್ಸೆಲ್ ಅಗಲ, 24 ಎತ್ತರ ಇರಬೇಕು ಅನ್ನುತ್ತದೆ ಡಬ್ಲ್ಯುಸಿಎಜಿ 2.2. ನಾನು 44 ಇಡುತ್ತೇನೆ. ಹೊಲದಲ್ಲಿ ದುಡಿದು ದಪ್ಪಗಾದ ಬೆರಳಿಗೆ 24 ಏನೇನೂ ಸಾಲದು.

ಇಂಗ್ಲಿಷಿಗಿಲ್ಲದ, ಕನ್ನಡಕ್ಕಿರುವ ಒಂದು ತೊಂದರೆ ಒತ್ತಕ್ಷರ. ಇಂಗ್ಲಿಷಿಗೆ ಹೊಂದಿಸಿದ ಬಟನ್ನಿನಲ್ಲಿ "ಕೊಬ್ಬರಿ" ಬರೆದರೆ ಕೆಳಗಿನ ಬ ಒತ್ತು ಕತ್ತರಿಸಿಹೋಗುತ್ತದೆ. ಸಾಲುಗಳ ನಡುವೆ ಜಾಗ ಸಾಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಲೈನ್-ಹೈಟ್ 1.6ಕ್ಕಿಂತ ಕಡಿಮೆ ಮಾಡಬೇಡಿ. ಬಟನ್ನಿಗೆ ಎತ್ತರ ನಿಗದಿ ಮಾಡುವ ಬದಲು ಸುತ್ತ ಪ್ಯಾಡಿಂಗ್ ಕೊಡಿ. ತೀರಾ ತೆಳು ಫಾಂಟ್ ಬೇಡ, ವಾಲಿಸಿದ ಅಕ್ಷರ ಬೇಡ. ಇಂಗ್ಲಿಷ್ 16 ಪಿಕ್ಸೆಲ್ ಇದ್ದರೆ ಕನ್ನಡಕ್ಕೆ ನಾನು 18 ಇಡುತ್ತೇನೆ.

ಹೆಜ್ಜೆ 6: ವಿಡಿಯೊ, ಪಿಡಿಎಫ್, ಓಡುವ ಚಿತ್ರಗಳು

ವಿಡಿಯೊಗೆ ಸಬ್‌ಟೈಟಲ್ ಹಾಕಿ. ಯಂತ್ರ ಬರೆದದ್ದನ್ನು ಓದಿ ತಿದ್ದದೇ ಹಾಕಬೇಡಿ. ತಾನಾಗಿ ಓಡುವ ಬ್ಯಾನರ್ 5 ಸೆಕೆಂಡಿಗಿಂತ ಜಾಸ್ತಿ ಓಡಿದರೆ ನಿಲ್ಲಿಸಲು ಬಟನ್ ಬೇಕು. ಬೆಲೆಪಟ್ಟಿಯನ್ನು ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿ ಹಾಕಬೇಡಿ, ಮಾಮೂಲಿ ವೆಬ್ ಪುಟವಾಗಿ ಹಾಕಿ. ತಿದ್ದಲೂ ಸುಲಭ.

ಹೆಜ್ಜೆ 7: ಈಗ ಯಂತ್ರದ ಪರೀಕ್ಷೆ

ಕ್ರೋಮ್‌ನಲ್ಲಿ ಲೈಟ್‌ಹೌಸ್ ಅನ್ನುವ ಪರೀಕ್ಷೆಯ ಸಾಧನ ಇದ್ದೇ ಇದೆ. ಆ್ಯಕ್ಸ್, ವೇವ್ ಅನ್ನುವ ಎಕ್ಸ್‌ಟೆನ್ಶನ್‌ಗಳೂ ಉಚಿತವಾಗಿ ಸಿಗುತ್ತವೆ. ಇವನ್ನು ಮೊದಲೇ ಹೇಳಲಿಲ್ಲ ಯಾಕೆಂದರೆ ಲೈಟ್‌ಹೌಸ್ 100 ಅಂಕ ಕೊಟ್ಟ ಕೂಡಲೇ ಜನ ಅಂಗಡಿ ಮುಚ್ಚಿ ಮನೆಗೆ ಹೋಗುತ್ತಾರೆ. ಆಲ್ಟ್ ಬರಹ ಇದೆಯಾ ಅಂತ ಯಂತ್ರ ನೋಡುತ್ತದೆ. ಕಡಲೆಕಾಯಿ ಎಣ್ಣೆಗೆ "ಚಿತ್ರ 3" ಅಂತ ಬರೆದಿದ್ದರೂ ಅದಕ್ಕೆ ಸಮಾಧಾನವೇ.

ಇಲ್ಲೇ ಒಂದು ಎಚ್ಚರಿಕೆ. "ಒಂದು ಸಾಲು ಕೋಡ್ ಹಾಕಿ, ನಿಮ್ಮ ಸೈಟ್ ತಾನಾಗಿ ಸರಿಹೋಗುತ್ತೆ" ಅಂತ ಮಾರುವವರು ಬರುತ್ತಾರೆ. ಮೂಲೆಯಲ್ಲಿ ಮನುಷ್ಯಾಕೃತಿಯ ಒಂದು ಗುಂಡು ಬಟನ್ ಕೂರಿಸುತ್ತಾರೆ. ಇದಕ್ಕೆ ಓವರ್‌ಲೇ ಅನ್ನುತ್ತಾರೆ. ಹೀಗೆ ಯಾವ ಸೈಟನ್ನೂ ಡಬ್ಲ್ಯುಸಿಎಜಿಗೆ ಹೊಂದಿಸುತ್ತೇವೆ ಅಂತ ಹೇಳಿಕೊಂಡ ಆಕ್ಸೆಸಿಬಿ ಕಂಪನಿಗೆ 2025ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 10 ಲಕ್ಷ ಡಾಲರ್ ಕಟ್ಟಿಸಿತು. ಓವರ್‌ಲೇಗೆ ಸುರಿಯುವ ದುಡ್ಡನ್ನು ನಿಮ್ಮ ಡೆವಲಪರಿಗೆ ಕೊಡಿ.

ಹೆಜ್ಜೆ 8: ಬಳಸುವವರನ್ನು ಕರೆಸಿ

ಇಷ್ಟಾದ ಮೇಲೆ ಸ್ಕ್ರೀನ್ ರೀಡರನ್ನು ದಿನಾ ಬಳಸುವ ಒಬ್ಬರು, ಕಣ್ಣು ಮಂದವಾದ ಹಿರಿಯರು ಒಬ್ಬರು, ಮೌಸ್ ಹಿಡಿಯಲಾಗದವರು ಒಬ್ಬರು, ಕಿವಿ ಕೇಳದವರು ಒಬ್ಬರು, ಇಷ್ಟು ಜನರ ಮುಂದೆ ಸೈಟ್ ಇಡಿ. ಬೆಂಗಳೂರಿನಲ್ಲಿ ಎನೇಬಲ್ ಇಂಡಿಯಾ, ಸಮರ್ಥನಂ, ಮಿತ್ರ ಜ್ಯೋತಿಯಂಥ ಸಂಸ್ಥೆಗಳಿವೆ, ಕೇಳಿ ನೋಡಿ. ಬಂದವರಿಗೆ ಸಂಭಾವನೆ ಕೊಡಿ. ನಿಮ್ಮ ಡಿಸೈನರಿಗೆ ಟೀ ಕುಡಿಸಿ ಕಳಿಸುವುದಿಲ್ಲ ತಾನೇ?

"ಒಂದು ಲೀಟರ್ ಕೊಬ್ಬರಿ ಎಣ್ಣೆ ತರಿಸಿಕೊಳ್ಳಿ" ಅಂತ ಹೇಳಿ, ಬಾಯಿ ಮುಚ್ಚಿಕೊಂಡು ಕೂರಿ. ಇದೇ ಅತಿ ಕಷ್ಟದ ಭಾಗ. "ಅಲ್ಲೇ ಇದೆ, ಬಲಗಡೆ" ಅಂತ ನಾಲಿಗೆ ತುದಿಗೆ ಬರುತ್ತದೆ. ಹೇಳಬೇಡಿ. ಎಲ್ಲಿ ನಿಂತರು, ಎಲ್ಲಿ ಹಿಂದೆ ಬಂದರು, ಎಲ್ಲಿ ನಿಟ್ಟುಸಿರು ಬಿಟ್ಟರು ಅಂತ ಬರೆದುಕೊಳ್ಳಿ.

ಹೆಜ್ಜೆ 9: ಕೆಟ್ಟಾಗ ಹೇಳಲು ಒಂದು ಬಾಗಿಲು

ಸೈಟ್ ಮತ್ತೆ ಕೆಡುತ್ತದೆ. ದೀಪಾವಳಿ ಆಫರಿಗೆ ಯಾರೋ ಹೊಸ ಬ್ಯಾನರ್ ಹಾಕುತ್ತಾರೆ, ಆಲ್ಟ್ ಮರೆಯುತ್ತಾರೆ. ಹಾಗಾಗಿ ಪ್ರತಿ ಬದಲಾವಣೆಯ ಮೊದಲು ಹತ್ತು ನಿಮಿಷ ಆ ಒಂದು ಕೆಲಸವನ್ನು ಕೀಬೋರ್ಡಿನಲ್ಲಿ ಮಾಡಿ ನೋಡುವವರು ಯಾರು ಅಂತ ಹೆಸರು ಹಾಕಿ ಗೊತ್ತುಮಾಡಿ.

ಪುಟದ ಕೆಳಗೆ "ಸೈಟ್ ಬಳಸಲು ತೊಂದರೆಯೇ?" ಅಂತ ಒಂದು ಲಿಂಕ್ ಇಡಿ. ಅಲ್ಲಿ ಬರೀ ಫೋನ್ ನಂಬರ್ ಇದ್ದರೆ ಕಿವಿ ಕೇಳದವರು ಏನು ಮಾಡಬೇಕು? ವಾಟ್ಸ್‌ಆ್ಯಪ್ ಮತ್ತು ಇಮೇಲ್ ಕೂಡ ಇರಲಿ. ಎಷ್ಟು ದಿನದಲ್ಲಿ ಉತ್ತರ ಕೊಡುತ್ತೀರಿ ಅಂತ ಬರೆಯಿರಿ. ಇನ್ನೂ ಸರಿಹೋಗದ್ದು ಏನಿದೆ ಅಂತಲೂ ಬರೆಯಿರಿ. ಆ ಎಣ್ಣೆ ಕಂಪನಿಯ ಪುಟದಲ್ಲಿ ಸದ್ಯಕ್ಕೆ ಎರಡು ಸಾಲು ಹೀಗಿವೆ: "ಗಾಣ ತಿರುಗುವುದನ್ನು ತೋರಿಸುವ ಹಳೆಯ ವಿಡಿಯೊಗಳಿಗೆ ಇನ್ನೂ ಸಬ್‌ಟೈಟಲ್ ಹಾಕಿಲ್ಲ. ಆರ್ಡರ್ ಮಾಡಲು ಅವನ್ನು ನೋಡಬೇಕಾಗಿಲ್ಲ."